ನೀಲಿ ನೀರಿನ ಕಂದರ

ಬೆಟ್ಟವೇರುವವನಿಗೆ ಸಾಮಾನ್ಯವಾಗಿ ಆಯಾಸ ಮೊದಲು, ಇಳಿಜಾರಿನ ಸುಖ ಅನಂತರ. ಅಮೆರಿಕದ ಆರಿಜೋನ ರಾಜ್ಯದ ಹವಾಸು ಕಂದರದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಜಗತ್ಪ್ರಸಿದ್ಧವಾದ ಗ್ರ್ಯಾಂಡ್ ಕ್ಯಾನಿಯನ್ನಿನ ಕವಲು ಇದು. ಮೋಟಾರು ರಸ್ತೆ ಮೇಲಿನ ಬಂಡೆಯಂಚಿನಲ್ಲಿಯೇ ಮುಗಿಯುತ್ತದೆ. ಅಲ್ಲಿಂದ ಕೆಳಗಿನ ಸುಪಾಯ್ ಗ್ರಾಮಕ್ಕೆ ಸುಮಾರು 13 ಕಿಲೋಮೀಟರುಗಳ ಕಾಲುದಾರಿ. ಮೊದಲಲ್ಲಿ ಅದು ಹಾವಿನಂತೆ ಸುತ್ತಿ ಸುತ್ತಿ ಕಡಿದಾಗಿ ಇಳಿಯುತ್ತದೆ. ಇಳಿಯುವವನ ಉತ್ಸಾಹಕ್ಕೆ ಆಗ ಎಣೆಯಿಲ್ಲ. ಮರಳುವ ದಿನ ದಣಿದ ಕಾಲುಗಳಿಂದ ಇದೇ ಏರನ್ನು ಕಟ್ಟಕಡೆಗೆ ಹತ್ತಬೇಕೆಂಬುದು ಅವನಿಗೆ ಹೊಳೆಯುವುದು ಅಪರೂಪ.

ಮುಂದೆ ಕೆಂಬಂಡೆಗಳ ನಡುವಣ ಒಣಹಳ್ಳ. ಬೇಸಗೆಯ ತಾಪ 40 ಡಿಗ್ರಿಯನ್ನು ಮೀರುವುದುಂಟು. ಕುಡಿಯುವ ನೀರನ್ನು ಹೊತ್ತೇ ನಡೆಯಬೇಕು. ಗ್ರಾಮ ಸಮೀಪಿಸಿದಂತೆ ನೆಲದೊಳಗಿನ ಒರತೆಗಳು ಹೊರಚಿಮ್ಮಿ ಹವಾಸು ಹೊಳೆಯಾಗುತ್ತವೆ. ಊರಿನಿಂದ ಮೂರು ಕಿಲೋಮೀಟರು ಮುಂದೆ ಆ ಹೊಳೆ ಸುಮಾರು 30 ಮೀಟರು ಆಳಕ್ಕೆ ಧುಮುಕುತ್ತದೆ. ಅದರ ನೀಲಿಹಸುರು ಬಣ್ಣಕ್ಕೆ ಕಾರಣ ನೀರಿನಲ್ಲಿ ಕರಗಿರುವ ಸುಣ್ಣ. ಅದೇ ಸುಣ್ಣ ಬಿದ್ದ ಎಲೆಕಡ್ಡಿಗಳ ಮೇಲೆ ಪದರಪದರವಾಗಿ ಕೂತು, ಕೆಳಗೆ ಸಾಲುಸಾಲು ಒಡ್ಡುಗಳನ್ನು ಕಟ್ಟುತ್ತದೆ.

ಇನ್ನೂ ಕೆಳಗಿರುವುದು ಮೂನಿ ಜಲಪಾತ. ಎತ್ತರ ಸುಮಾರು 60 ಮೀಟರು. ಬಂಡೆಯಲ್ಲಿ ಕೊರೆದ ಸುರಂಗಗಳಲ್ಲಿ ನುಸುಳಿ, ಕಬ್ಬಿಣದ ಸರಪಳಿಯನ್ನು ಬಿಗಿಹಿಡಿದು, ತುಂತುರಿನಿಂದ ಜಾರುವ ಮರದ ಏಣಿಗಳ ಮೇಲೆ ಬಂಡೆಗೆ ಮುಖಮಾಡಿ ಒಂದೊಂದೇ ಹೆಜ್ಜೆ ಇಳಿಯಬೇಕು. ಜಲಪಾತಕ್ಕೆ ಹೆಸರು ಬಿಟ್ಟುಹೋದ ಗಣಿಗಾರ ಮೂನಿ ಇಲ್ಲಿಯೇ ಬಿದ್ದು ಸತ್ತವನು. ಹೊಳೆಯನ್ನೂ ನಂಬುವಂತಿಲ್ಲ. 2008ರ ಆಗಸ್ಟಿನ ಪ್ರವಾಹ ಹೊಳೆಯ ಪಾತ್ರವನ್ನೇ ಬದಲಿಸಿತು; ನವಾಹೊ ಎಂಬ ಜಲಪಾತ ಬತ್ತಿ, ಹೊಸವು ಹುಟ್ಟಿಕೊಂಡವು. 2024ರ ಆಗಸ್ಟಿನ ಪ್ರವಾಹ ಯಾತ್ರಿಕಳೊಬ್ಬಳನ್ನು ಬಲಿ ತೆಗೆದುಕೊಂಡಿತು.

ಈ ಕಂದರ ಹವಾಸುಪಾಯ್ ಜನರ ನೆಲ. ‘ನೀಲಿಹಸುರು ನೀರಿನ ಜನ’ ಎಂದೇ ಆ ಹೆಸರಿನ ಅರ್ಥ. ಬೇಸಗೆಯಲ್ಲಿ ಕೆಳಗೆ ಬೇಸಾಯ, ಚಳಿಗಾಲದಲ್ಲಿ ಮೇಲಿನ ಬಯಲುಗಳಲ್ಲಿ ಬೇಟೆ, ಇದು ಅವರ ಹಿಂದಿನ ಬದುಕು. 1882ರಲ್ಲಿ ಸರ್ಕಾರ ಅವರಿಗೆ ಉಳಿಸಿದ್ದು ಕಂದರದ ತಳದ 518 ಎಕರೆ ಮಾತ್ರ. ಬೇಟೆಯ ಬಯಲು ಕೈಬಿಟ್ಟಿತು. ತಲೆಮಾರುಗಳ ಕಾಲ ಅವರು ಕೇಳುತ್ತಲೇ ಬಂದರು. 1975ರಲ್ಲಿ ಸುಮಾರು 1,85,000 ಎಕರೆ ಅವರಿಗೆ ಮರಳಿತು.

ಇಂದು ಅವರ ಅನುಮತಿಪತ್ರವಿಲ್ಲದೆ ಯಾರೂ ಇಳಿಯುವಂತಿಲ್ಲ. ಅದು ಸಿಗುವುದು ಕಷ್ಟವೆಂದು ಗೊಣಗುವವರಿದ್ದಾರೆ. ಪರರ ಮನೆಯ ಬಾಗಿಲನ್ನು ತಟ್ಟಿ ಒಳಬರುವುದರಲ್ಲಿ ಗೊಣಗುವಂಥದೇನಿದೆಯೋ!

ಮರಳುವ ಪಯಣಿಗರು ಬಿಸಿಲೇರುವ ಮುನ್ನ ಹೊರಡುತ್ತಾರೆ. ಕೊನೆಯ ಏರಿನಲ್ಲಿ ಏದುಸಿರು ಬಿಡುವಾಗ ಹೇಸರಗತ್ತೆಗಳ ಸಾಲು ಎದುರಾಗುವುದುಂಟು. ರಸ್ತೆಯಿಲ್ಲದ ಸುಪಾಯ್‌ಗೆ ಅಂಚೆ ತಲಪುವುದು ಅವುಗಳ ಬೆನ್ನ ಮೇಲೆ. ಆಗ ಪ್ರಪಾತದ ಕಡೆಗಲ್ಲ, ಬಂಡೆಯ ಕಡೆಗೆ ಒತ್ತರಿಸಿ ನಿಂತು ದಾರಿ ಬಿಡಬೇಕು.