ಅರ್ಜಿಯಲ್ಲಿ ಬಿಟ್ಟ ಜಾಗ

ನಾನು ಮೊದಲ ಅರ್ಜಿ ಬರೆದದ್ದು 1974ರಲ್ಲಿ. ತಮ್ಮ ಕೃಪಾಶ್ರಯದಲ್ಲಿ ಗುಮಾಸ್ತೆಯ ಸ್ಥಾನವೊಂದು ತೆರವಾಗಿದೆಯೆಂದು ತಿಳಿದು ವಿನಯಪೂರ್ವಕವಾಗಿ ಬೇಡಿಕೊಳ್ಳುವುದೇನೆಂದರೆ ಎಂದು ಆರಂಭಿಸಿ, ನೌಕರಿ ದಯಪಾಲಿಸಿದರೆ ತಮ್ಮ ದೀರ್ಘಾಯುಷ್ಯಕ್ಕಾಗಿ ಸದಾ ದೇವರನ್ನು ಪ್ರಾರ್ಥಿಸುತ್ತಿರುವೆನೆಂದು ಮುಗಿಸಿದ್ದೆ. ನೌಕರಿ ಸಿಕ್ಕಿತು, ಪ್ರಾರ್ಥನೆಯ ಮಾತು ಮರೆತುಹೋಯಿತು. ಮುಂದೆ ಅದೇ ಕಚೇರಿಯಲ್ಲಿ ಬೇರೆಯವರ ಅರ್ಜಿಗಳನ್ನು ಓದಿ ವಿಂಗಡಿಸುವ ಕೆಲಸ ನನ್ನ ಪಾಲಿಗೆ ಬಂತು. ಹೀಗಾಗಿ ನಮ್ಮ ಬಂಧುಬಳಗದಲ್ಲಿ ಈ ವಿಷಯಕ್ಕೆ ನಾನೇ ಪಂಡಿತ.

ಮೊನ್ನೆ ತಮ್ಮನ ಮಗಳು ಪುಟ್ಟಿ ತನ್ನ ಸ್ವವಿವರವನ್ನು, ಈಗಿನವರ ಮಾತಿನಲ್ಲಿ ರೆಸ್ಯೂಮೆಯನ್ನು, ತಂದು ಮುಂದಿಟ್ಟಳು. ಪರಿಶ್ರಮಿ, ಪ್ರಾಮಾಣಿಕಳು, ಎಲ್ಲರೊಡನೆ ಹೊಂದಿಕೊಳ್ಳುವವಳು. ತಂದೆಯ ಹೆಸರು, ಹುಟ್ಟಿದ ದಿನ, ಎತ್ತರ.

"ಇದನ್ನು ಎಲ್ಲಿಗೆ ಕಳಿಸುತ್ತೀಯೆ, ಕಚೇರಿಗೋ ಗಂಡಿನ ಮನೆಗೋ?" ಎಂದೆ. ನಮ್ಮಲ್ಲಿ ಎರಡಕ್ಕೂ ಬಯೋಡೇಟಾ ಎಂಬ ಒಂದೇ ಹೆಸರಿರುವುದರಿಂದ ಆಗುವ ಎಡವಟ್ಟು ಇದು.

ಅವಳ ಮುಖ ಚಿಕ್ಕದಾದುದನ್ನು ಕಂಡು ಒಂದು ಹಳೆಯ ಸಂಗತಿ ಹೇಳಿದೆ. ಸುಮಾರು 1482ರಲ್ಲಿ ಲಿಯೊನಾರ್ಡೊ ಡ ವಿಂಚಿ ಮಿಲಾನಿನ ಲುಡೊವಿಕೊ ಸ್ಫೋರ್ಜಾನಲ್ಲಿ ಕೆಲಸ ಕೇಳಿ ಬರೆದ ಕಾಗದದ ಕರಡು ಇಂದಿಗೂ ಉಳಿದಿದೆ. ಹೊತ್ತೊಯ್ಯಬಹುದಾದ ಸೇತುವೆ, ಫಿರಂಗಿ, ಮೇಲೆ ಮುಚ್ಚಿದ ರಥ ಎಂದು ಯುದ್ಧದ ಸಾಮಗ್ರಿಯನ್ನೇ ಸಾಲಾಗಿ ಹೇಳಿ, ಚಿತ್ರ ಬರೆಯಬಲ್ಲೆನೆಂಬುದನ್ನು ಆತ ಕೊನೆಯಲ್ಲಿ ಸೇರಿಸಿದ್ದಾನೆ. ಧಣಿಗೆ ಬೇಕಾದದ್ದು ಮೊದಲು.

"ಗುಣಗಳನ್ನೆಲ್ಲ ಹೊಡೆದುಹಾಕು. ಮಾಡಿದ್ದನ್ನು ಹೇಳು, ಲೆಕ್ಕ ಸಮೇತ" ಎಂದೆ. ಹುಡುಗಿ ಆಗ ಬಾಯಿಬಿಟ್ಟಳು: ತಿಂಗಳು ತಿಂಗಳೂ 140 ಜನರ ಸಂಬಳದ ಪಟ್ಟಿ ಮಾಡುತ್ತಿದ್ದವಳು ಅವಳೇ, 2017ರ ಜುಲೈ 1ರಂದು ಜಿ.ಎಸ್.ಟಿ. ಬಂದಾಗ ಹಳೆಯ ವ್ಯಾಟ್ ಲೆಕ್ಕವನ್ನು ಹೊಸ ಪದ್ಧತಿಗೆ ತಿರುಗಿಸಿದವಳೂ ಅವಳೇ. ಇಷ್ಟನ್ನು ಬಿಟ್ಟು 'ಪರಿಶ್ರಮಿ' ಎಂದು ಬರೆದುಕೊಂಡಿದ್ದಳಲ್ಲ! ಈಗ ಅನೇಕ ಕಂಪನಿಗಳಲ್ಲಿ ಅರ್ಜಿಯನ್ನು ಮೊದಲು ಸೋಸುವುದೇ ಕಂಪ್ಯೂಟರಂತೆ. ಜಾಹೀರಾತಿನ ಮಾತು ಅರ್ಜಿಯಲ್ಲಿದೆಯೇ ಎಂದು ಹುಡುಕುತ್ತದಂತೆ. ದೀರ್ಘಾಯುಷ್ಯ ಕೋರಿದರೂ ಕರಗುವ ಪ್ರಾಣಿಯಲ್ಲ. ಅಲಂಕಾರದ ಚೌಕಟ್ಟುಗಳನ್ನೂ ತೆಗೆಸಿದೆ.

ಉಳಿದದ್ದು 2022ರಿಂದ 2025. ಅಲ್ಲಿ ಬರಿಯ ಬಿಳಿ ಕಾಗದ. ಹಳೆಯ ಕಚೇರಿಯ ತಾರೀಖನ್ನೇ ಮುಂದಕ್ಕೆಳೆದುಬಿಡು ಎಂದು ಯಾರೋ ಗೆಳತಿ ಹೇಳಿದ್ದಳಂತೆ.

"ಪ್ರಾವಿಡೆಂಟ್ ಫಂಡಿನ ಖಾತೆಯಲ್ಲಿ ನೀನು ಕೆಲಸ ಬಿಟ್ಟ ದಿನ ದಾಖಲಾಗಿರುತ್ತೆ. ಒಂದು ಸುಳ್ಳು ಸಿಕ್ಕಿದರೆ ಉಳಿದ ನಿಜವನ್ನೂ ನಂಬುವುದಿಲ್ಲ" ಎಂದು ಗದರಿದೆ.

ಗದರುವ ಅಧಿಕಾರ ನನಗೆಲ್ಲಿತ್ತು? ಆ ಮೂರು ವರ್ಷ, ತೊಂಬತ್ತು ದಾಟಿದ ನನ್ನ ತಾಯಿ ಪಾರ್ಶ್ವವಾಯು ಬಡಿದು ತಮ್ಮನ ಮನೆಯಲ್ಲಿ ಮಲಗಿದ್ದರು. ನಾನು ಪುಣೆಯಲ್ಲಿ ಮಗನ ಮನೆಯಲ್ಲಿ ಕುಳಿತು, ತಿಂಗಳಿಗೊಮ್ಮೆ ಹಣ ಕಳಿಸಿ, ಹಾಯಾಗಿ ನಿದ್ರೆ ಮಾಡುತ್ತಿದ್ದೆ. ಕೆಲಸ ಬಿಟ್ಟವಳು ಇವಳು.

"ಬರೆದುಕೋ," ಎಂದೆ. "2022ರಿಂದ 2025: ಹಾಸಿಗೆ ಹಿಡಿದಿದ್ದ ಅಜ್ಜಿಯ ಪೂರ್ಣಕಾಲದ ಆರೈಕೆ." ದನಿ ಸರಿಯಾಗಿ ಹೊರಡಲಿಲ್ಲ.

ಪುಟ್ಟಿ ಟೈಪು ಮಾಡಿ ಬೆರಳು ನಿಲ್ಲಿಸಿದಳು. "ಇದಕ್ಕೂ ಲೆಕ್ಕ ಬೇಕೇ, ದೊಡ್ಡಪ್ಪ? ಹಾಸಿಗೆಹುಣ್ಣಾಗಬಾರದೂಂತ ರಾತ್ರಿಯೂ ಎರಡೆರಡು ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸುತ್ತಿದ್ದೆ."

"ಬೇಡಮ್ಮ, ಅಷ್ಟು ಸಾಕು" ಎಂದೆ.

ಅವಳು ಅಲ್ಲಿಗೆ ಪೂರ್ಣವಿರಾಮವಿಟ್ಟು, ಕೆಳಗೆ ಉಳಿದುಹೋಗಿದ್ದ ಎತ್ತರದ ಸಾಲನ್ನು ಅಳಿಸಿದಳು.