ಕಾಲೂರದೆ ಹತ್ತುವ ಬೈಕು

ಇಂಗ್ಲೆಂಡಿನ ಯಾರ್ಕ್‌ಶೈರ್ ಡೇಲ್ಸ್‌ನ ಒಂದು ಹಳ್ಳಿ, ಶನಿವಾರ ಸಂಜೆ. ಕಲ್ಲುಗೋಡೆಯ ಶೆಡ್ಡಿನೊಳಗೆ ನೀವು ತೋಳು ಮಡಚಿ ನಿಂತಿದ್ದೀರಿ. ಎದುರಿಗೆ ಮರದ ಪೆಟ್ಟಿಗೆಯ ಮೇಲೇರಿಸಿದ ಹೋಂಡಾ ಟಿಎಲ್ 125. 1973ರಲ್ಲಿ ಬಂದ ಮಾದರಿ. ಒಂದೇ ಸಿಲಿಂಡರ್, ಫೋರ್ ಸ್ಟ್ರೋಕ್, 122 ಸಿಸಿ. ಮುಂದಿನ ಚಕ್ರ 21 ಇಂಚು, ಹಿಂದಿನದು 18. ಸೀಟು ಹೆಸರಿಗಷ್ಟೇ ಇದೆ. ನಾಳೆ ಇದರ ಮೇಲೆ ಕೂರುವ ಪ್ರಮೇಯ ಬರುವುದೇ ಕಡಿಮೆ, ನಿಂತೇ ಓಡಿಸಬೇಕು.

ನಾಳೆ ಇರುವುದು ಟ್ರಯಲ್ಸ್. ಇಲ್ಲಿ ಮೊದಲು ತಲುಪಿದವರಿಗೆ ಬಹುಮಾನವಿಲ್ಲ. ಹಳ್ಳದ ಪಾತ್ರ, ಪಾಚಿಗಟ್ಟಿದ ಬಂಡೆ, ಜಾರುವ ಬೇರು, ಕಡಿದಾದ ಏರು ಇರುವ ಕಡೆ ಗುರುತು ನೆಟ್ಟು ‘ಸೆಕ್ಷನ್’ ಮಾಡಿರುತ್ತಾರೆ. ಕಾಲೂರದೆ ದಾಟಿದರೆ ಸೊನ್ನೆ. ಒಮ್ಮೆ ಕಾಲೂರಿದರೆ 1, ಎರಡು ಸಲಕ್ಕೆ 2, ಅದಕ್ಕೂ ಹೆಚ್ಚಾದರೆ 3. ಬಿದ್ದರೆ ಅಥವಾ ಗುರುತಿನ ಆಚೆ ಹೋದರೆ 5. ದಿನದ ಕೊನೆಗೆ ಯಾರ ಅಂಕ ಕಡಿಮೆಯೋ ಅವರು ಗೆದ್ದಂತೆ.

ಹೀಗಾಗಿ ಈ ಎಂಜಿನ್ನಿನಿಂದ ಕೇಳುವುದು ಒಂದೇ: ನಡಿಗೆಗಿಂತ ನಿಧಾನಕ್ಕೆ ಇಳಿದರೂ ಆರಿಹೋಗಬಾರದು, ಕೈ ತಿರುವಿದ ಕೂಡಲೇ ಎಳೆಯಬೇಕು. ಇಂಥ ಬೈಕಿಗೆ ಮಾಡುವ ರಿಪೇರಿ, ಮಾರ್ಪಾಡು ಎಲ್ಲವೂ ಈ ಒಂದು ಬೇಡಿಕೆಗೆ ಕೊಡುವ ಉತ್ತರ. ಆ ಉತ್ತರ ಶುರುವಾಗುವುದು ಹೊಸ ಪಾರ್ಟಿನಿಂದಲ್ಲ, ಟ್ಯಾಪೆಟ್‌ನಿಂದ, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರ್ ಆರ್ಮ್‌ಗೂ ನಡುವಿನ ಅಂತರದಿಂದ.

ಎಂಜಿನ್ ತಣ್ಣಗಿದೆ. ಟ್ಯಾಪೆಟ್ ಸೆಟ್ ಮಾಡಲು ಹೀಗೇ ಇರಬೇಕು. ಮೊದಲು ಪ್ಲಗ್ ಬಿಚ್ಚಿ. ಸಿಲಿಂಡರ್ ಹೆಡ್ಡಿನ ಮೇಲಿನ ಎರಡು ದುಂಡು ಮುಚ್ಚಳ ತೆಗೆಯಿರಿ, ಎಡಬದಿಯ ಮ್ಯಾಗ್ನೆಟ್ ಕವರ್ ತೆಗೆಯಿರಿ. ಮ್ಯಾಗ್ನೆಟ್ಟಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಅಪ್ರದಕ್ಷಿಣೆಯಾಗಿ ನಿಧಾನಕ್ಕೆ ತಿರುಗಿಸಿ. ‘ಟಿ’ ಗುರುತು ಗೆರೆಗೆ ಕೂಡಿತೇ? ಈಗ ಎರಡೂ ರಾಕರ್ ಆರ್ಮ್‌ಗಳನ್ನು ಬೆರಳಲ್ಲಿ ಅಲ್ಲಾಡಿಸಿ. ಎರಡರಲ್ಲೂ ತುಸು ಆಟ ಸಿಕ್ಕರೆ ಪಿಸ್ಟನ್ ಕಂಪ್ರೆಶನ್ನಿನ ತುದಿಯಲ್ಲಿದೆ ಎಂದರ್ಥ. ಬಿಗಿಯಾಗಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ.

ಬೇಕಾದ ಅಂತರ 0.05 ಮಿಲಿಮೀಟರ್. ಫೀಲರ್ ಗೇಜಿನ ತೀರಾ ತೆಳ್ಳನೆಯ ಎಲೆಗಳಲ್ಲೊಂದು ಅದು. ಹಗುರಾಗಿ ಹಿಡಿಯದಿದ್ದರೆ ಬಾಗಿಬಿಡುತ್ತದೆ. ವಾಲ್ವಿನ ತುದಿಗೂ ರಾಕರ್ ಆರ್ಮಿನ ಸ್ಕ್ರೂವಿಗೂ ನಡುವೆ ತೂರಿಸಿ ಎಳೆದಾಗ ಎಲೆ ಸಲೀಸಾಗಿ ಜಾರಬಾರದು, ಸಿಕ್ಕಿಕೊಳ್ಳಲೂಬಾರದು. ಬೆರಳಿಗೆ ಮೆತ್ತನೆಯ ಹಿಡಿತ ಗೊತ್ತಾಗಬೇಕು. ಸ್ಕ್ರೂ ಕದಲದಂತೆ ಹಿಡಿದು ಲಾಕ್‌ನಟ್ ಬಿಗಿ ಮಾಡಿ. ಬಿಗಿ ಮಾಡುವಾಗಲೇ ಸ್ಕ್ರೂ ಕೂದಲೆಳೆಯಷ್ಟು ತಿರುಗಿರುತ್ತದೆ, ಆದ್ದರಿಂದ ಮತ್ತೊಮ್ಮೆ ಎಲೆ ತೂರಿಸಿ ನೋಡಿ. ಅಂತರ ಹೆಚ್ಚಾದರೆ ಟಕಟಕ ಸದ್ದು ಬರುತ್ತದೆ, ತಕ್ಷಣಕ್ಕೆ ಅಷ್ಟೇ. ಕಡಿಮೆಯಾದರೆ ನಿಜವಾದ ತೊಂದರೆ. ಎಂಜಿನ್ ಕಾದಾಗ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಶನ್ ಸೋರುತ್ತದೆ, ಐಡ್ಲಿಂಗ್ ಎಡವುತ್ತದೆ, ದಿನ ಕಳೆದಂತೆ ಎಕ್ಸಾಸ್ಟ್ ವಾಲ್ವ್ ಸುಟ್ಟುಹೋಗುತ್ತದೆ.

ಕರ್ನಾಟಕದ ಯಾವುದೇ ಊರಿನ ಹಳೆಯ ಮೆಕ್ಯಾನಿಕ್ಕನ್ನು ಕರೆತಂದು ಈ ಎಂಜಿನ್ನಿನ ಮುಂದೆ ಕೂರಿಸಿದರೆ ಅವರಿಗೆ ಏನನ್ನೂ ಹೇಳಿಕೊಡಬೇಕಾಗಿಲ್ಲ. 1985ರಲ್ಲಿ ನಮ್ಮಲ್ಲಿಗೆ ಬಂದ ಹೀರೋ ಹೋಂಡಾ ಸಿಡಿ 100ರಲ್ಲೂ ಪಿಸ್ಟನ್ನಿನ ಸ್ಟ್ರೋಕ್ 49.5 ಮಿಲಿಮೀಟರ್, ಇದರಲ್ಲೂ ಅಷ್ಟೇ. ಅದರ ಬೋರ್ 50, ಇದರದ್ದು 56. ಅದರ ಸಿಲಿಂಡರ್ ಮಲಗಿದೆ, ಇದರದ್ದು ಎದ್ದು ನಿಂತಿದೆ. ಟ್ಯಾಪೆಟ್ ಸೆಟ್ ಮಾಡುವ ಕ್ರಮ, ‘ಟಿ’ ಗುರುತು, ಕೈಗೆ ಸಿಗುವ ಆ ಹಿಡಿತ ಎಲ್ಲ ಒಂದೇ.

ಮುಚ್ಚಳಗಳನ್ನು ಹಾಕಿ, ಪ್ಲಗ್ ಕೂರಿಸಿ, ಕಿಕ್ ಹೊಡೆಯಿರಿ. ಬೈಕು ಬೆಚ್ಚಗಾಗಲಿ. ಆಮೇಲೆ ಬಂದ್ ಮಾಡಿ ಕೆಳಗೆ ಬಾಣಲೆ ಇಟ್ಟು ಆಯಿಲ್ ಇಳಿಸಿ. ಬಿಸಿ ಆಯಿಲ್ ತನ್ನ ಜೊತೆಗೆ ಕೊಳೆಯನ್ನೂ ಹೊತ್ತು ತರುತ್ತದೆ. ಟ್ರಯಲ್ಸ್‌ನಲ್ಲಿ ಎಡಗೈಯ ಎರಡು ಬೆರಳು ಕ್ಲಚ್ ಬಿಟ್ಟು ಕದಲುವುದಿಲ್ಲ, ಅರ್ಧ ಹಿಡಿ, ಅರ್ಧ ಬಿಡು. ಕ್ಲಚ್ ಪ್ಲೇಟುಗಳ ಪುಡಿಯೆಲ್ಲ ಸೇರುವುದು ಇದೇ ಆಯಿಲ್‌ಗೆ. ಎಂಜಿನ್ನಿಗೂ ಗೇರಿಗೂ ಕ್ಲಚ್ಚಿಗೂ ಇರುವುದು ಸುಮಾರು ಒಂದು ಲೀಟರ್ ಮಾತ್ರ. ಆದ್ದರಿಂದ ಬೇಗ ಬೇಗ ಬದಲಿಸಬೇಕು. ಹಾಕುವುದು ಕಾರಿನ ಆಯಿಲ್ ಅಲ್ಲ, ಡಬ್ಬಿಯ ಮೇಲೆ ‘ಜಾಸೋ ಎಂಎ’ ಎಂದಿರುವ ಬೈಕಿನ ಆಯಿಲ್. ಕಾರಿನ ಕೆಲವು ಆಯಿಲ್‌ಗಳಲ್ಲಿ ಬೆರೆಸಿರುವ ಜಾರಿಕೆಯ ರಾಸಾಯನಿಕ ಕ್ಲಚ್ಚನ್ನೂ ಜಾರಿಸುತ್ತದೆ.

ಈಗ ಕಾರ್ಬ್ಯುರೇಟರ್. ನಾಳೆ ಇಡೀ ದಿನ ಆಕ್ಸಿಲರೇಟರ್ ತೆರೆಯುವುದು ಎಂಟನೇ ಒಂದು ಭಾಗ, ಹೆಚ್ಚೆಂದರೆ ಕಾಲು ಭಾಗ. ಅಷ್ಟರಲ್ಲಿ ಹೆಚ್ಚಾಗಿ ಪೆಟ್ರೋಲ್ ಕೊಡುವುದು ಪೈಲಟ್ ಜೆಟ್. ಮೇನ್ ಜೆಟ್ಟಿನ ಸರದಿ ಬರುವುದೇ ಅಪರೂಪ. ಎಂಜಿನ್ ಬಿಸಿಯಿರುವಾಗ ಪಕ್ಕದ ಏರ್ ಸ್ಕ್ರೂವನ್ನು ಚೂರುಚೂರೇ ತಿರುಗಿಸುತ್ತ ಕಿವಿಗೊಡಿ. ಸದ್ದು ಏರಿ ಏರಿ ಒಂದು ಕಡೆ ಹದಕ್ಕೆ ಬರುತ್ತದೆ, ದಾಟಿದರೆ ತೊದಲುತ್ತದೆ. ಹದದ ಜಾಗದಲ್ಲಿ ಬಿಟ್ಟು, ಐಡ್ಲಿಂಗ್ ಸ್ಕ್ರೂವಿನಿಂದ ವೇಗ ಇಳಿಸಿ. ಫೋಮ್ ಏರ್ ಫಿಲ್ಟರನ್ನು ತೊಳೆದು ಒಣಗಿಸಿ, ಫಿಲ್ಟರ್ ಆಯಿಲ್ ಹಚ್ಚಿ ಹಿಂಡಿ ಕೂರಿಸಿ.

ಇಷ್ಟಾದ ಮೇಲೆ ಮಾರ್ಪಾಡು. ಬುಡ ಸರಿಯಿಲ್ಲದ ಎಂಜಿನ್ನಿಗೆ ಏನು ಸೇರಿಸಿದರೂ ಅದರಿಂದ ಆದ ಲಾಭವೆಷ್ಟು ಎಂದು ತಿಳಿಯುವುದಿಲ್ಲ.

ಮ್ಯಾಗ್ನೆಟ್ಟಿನ ಕಡೆ ನೋಡಿ, ಫ್ಲೈವೀಲ್ ಇರುವುದು ಅಲ್ಲೇ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ಸಿಡಿಯುತ್ತದೆ. ನಿಮಿಷಕ್ಕೆ 1,200 ಸುತ್ತಿನಲ್ಲಿ ಸೆಕೆಂಡಿಗೆ ಹತ್ತೇ ಸಿಡಿತ. ಒಂದು ಸಿಡಿತಕ್ಕೂ ಇನ್ನೊಂದಕ್ಕೂ ನಡುವೆ ಎಂಜಿನ್ನನ್ನು ತಿರುಗಿಸಿಕೊಂಡು ಹೋಗುವುದು ಫ್ಲೈವೀಲಿನ ತೂಕ, ಒಮ್ಮೆ ತಿರುವಿಬಿಟ್ಟ ಕುಂಬಾರನ ತಿಗರಿಯ ಹಾಗೆ. ಅದಕ್ಕೇ ಕೆಲವರು ಅಲ್ಲಿ ಉಕ್ಕಿನ ಬಳೆ ಸೇರಿಸಿ ತೂಕ ಹೆಚ್ಚಿಸುತ್ತಾರೆ. ಎಂಜಿನ್ ಸುಲಭಕ್ಕೆ ಆರುವುದಿಲ್ಲ, ಒದ್ದೆ ಕಲ್ಲಿನ ಮೇಲೆ ಚಕ್ರ ಗಕ್ಕನೆ ಸುತ್ತುವುದಿಲ್ಲ. ಆದರೆ ಎತ್ತರದ ಬಂಡೆಯೆದುರು ತಟ್ಟನೆ ಶಕ್ತಿ ಬೇಕೆಂದಾಗ ಅದೇ ತೂಕ ತಡಮಾಡಿಸುತ್ತದೆ.

ಸ್ಪ್ರಾಕೆಟ್ಟಿನದೂ ಇದೇ ಕಥೆ. ಮುಂದಿನ 14 ಹಲ್ಲಿನದನ್ನು ತೆಗೆದು 13 ಹಲ್ಲಿನದನ್ನು ಹಾಕಿದರೆ ಗೇರು ಶೇಕಡಾ 7ರಷ್ಟು ತಗ್ಗುತ್ತದೆ. ಹಿಂದಿನದಕ್ಕೆ ಕೆಲವು ಹಲ್ಲು ಹೆಚ್ಚಿಸಿದರೂ ಗೇರು ಹೀಗೇ ತಗ್ಗುತ್ತದೆ. ಬೈಕು ಇನ್ನೂ ನಿಧಾನಕ್ಕೆ ಹತ್ತುತ್ತದೆ. ಆದರೆ ಮುಂದಿನದು ಚಿಕ್ಕದಾದಷ್ಟೂ ಚೈನಿನ ಕೊಂಡಿಗಳು ಹೆಚ್ಚು ಬಾಗಿ ಬೇಗ ಸವೆಯುತ್ತವೆ.

ಫುಟ್‌ರೆಸ್ಟ್‌ಗಳ ಬ್ರಾಕೆಟ್ಟಿನಲ್ಲಿ ಹೊಸ ವೆಲ್ಡಿಂಗ್ ಕಾಣುತ್ತಿದೆಯಲ್ಲ, ಮುಟ್ಟಿ ನೋಡಿ. ಮೂಲ ಜಾಗದಿಂದ ಕೆಳಕ್ಕೂ ಹಿಂದಕ್ಕೂ ಸರಿಸಿದ್ದಾರೆ. ನಿಂತಾಗ ಮೈಭಾರ ಹಿಂದಿನ ಚಕ್ರದತ್ತ ಹೋಗಿ ಹಿಡಿತ ಹೆಚ್ಚುತ್ತದೆ, ಮುಂದಿನ ಚಕ್ರ ಬಂಡೆಯ ಮೇಲಕ್ಕೆ ಸಲೀಸಾಗಿ ಏಳುತ್ತದೆ. ಅತಿಯಾದರೆ ಏರಿನಲ್ಲಿ ಮುಂಭಾಗ ಹಗುರಾಗಿ ಹ್ಯಾಂಡಲ್ ಮಾತು ಕೇಳುವುದಿಲ್ಲ. ಪ್ರತಿ ಮಾರ್ಪಾಡಿಗೂ ಹೀಗೆ ಒಂದು ಬೆಲೆ ಇದೆ. ಆ ಬೆಲೆ ಎಲ್ಲಿ ತೆರುತ್ತಿದ್ದೇವೆ ಎಂಬುದು ತಿಳಿದಿರಬೇಕು.

ಭಾನುವಾರ ಬೆಳಗ್ಗೆ. ಹುಲ್ಲು ಒದ್ದೆ, ಹಳ್ಳ ತುಂಬಿದೆ. ಟೈರುಗಳಿಂದ ಗಾಳಿ ಬಿಡಿ, ಮುಂದೆ 5-6 ಪಿಎಸ್‌ಐ, ಹಿಂದೆ 4-5. ರಸ್ತೆಯಲ್ಲಿ ಓಡಿಸಲಾಗದಷ್ಟು ಮೆತ್ತಗಾದ ಈ ಟೈರು ಕಲ್ಲನ್ನು ಅವುಚಿ ಹಿಡಿಯುತ್ತದೆ. ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವ್ ಕಿತ್ತುಬರದಂತೆ ರಿಮ್ ಲಾಕ್ ಬೋಲ್ಟು ಬಿಗಿಯಿರಲಿ.

ಮೊದಲ ಸೆಕ್ಷನ್. ಇದಕ್ಕೆ ಮೊದಲು ನಡೆದೇ ಹೋಗಿ ಪ್ರತಿ ಕಲ್ಲನ್ನೂ ಬೂಟಿನಿಂದ ಒತ್ತಿ ನೋಡಿದ್ದೀರಿ. ಫಸ್ಟ್ ಗೇರ್. ಮಂಡಿ ಸಡಿಲ, ಕಣ್ಣು ಮುಂದಿನ ತಿರುವಿನ ಮೇಲೆ. ಮುಂದಿನ ಚಕ್ರ ನೀರಿಗಿಳಿಯಿತು. ನೀರೊಳಗಿನ ಬಂಡೆಗೆ ತಾಗಿ ಬೈಕು ನಿಂತೇಬಿಟ್ಟಿತು ಅನ್ನುವಷ್ಟರಲ್ಲಿ ಕೆಳಗಿಂದ ದಪ್, ದಪ್, ದಪ್ ಎಂಬ ಸದ್ದು ಬಿಡಿಬಿಡಿಯಾಗಿ ಕೇಳುತ್ತಿದೆ. ನಿನ್ನೆ ಸಂಜೆಯ ಕೆಲಸವೆಲ್ಲ ಈ ಸದ್ದಿಗಾಗಿ. ಎಂಜಿನ್ ಆರಲಿಲ್ಲ. ಕ್ಲಚ್ ಕೊಂಚ ಬಿಡಿ, ಕೈ ಕೊಂಚ ತಿರುವಿ. ಹಿಂದಿನ ಚಕ್ರ ಬಂಡೆಗೆ ಕಚ್ಚಿಕೊಂಡು ನಿಮ್ಮನ್ನು ದಡಕ್ಕೆ ಎತ್ತಿತು. ಅಂಕ ಬರೆಯುವ ಅಬ್ಸರ್ವರ್ ಮುಷ್ಟಿ ಬಿಗಿದು ಕೈಯೆತ್ತುತ್ತಾರೆ: ಸೊನ್ನೆ.

ಈ ಬಿಡಿಬಿಡಿ ಎಳೆತವೇ ಫೋರ್ ಸ್ಟ್ರೋಕಿನ ಬಲ. ಬೆಲ್ಜಿಯಂನ ಎಡ್ಡಿ ಲೆಜನ್ ಹೋಂಡಾದ ಫೋರ್ ಸ್ಟ್ರೋಕ್ ಬೈಕಿನಲ್ಲಿ 1982, 1983, 1984ರಲ್ಲಿ ಸತತವಾಗಿ ವಿಶ್ವ ಚಾಂಪಿಯನ್ ಆದರು. ಆಮೇಲೆ ಹಗುರಾದ ಟೂ ಸ್ಟ್ರೋಕ್‌ಗಳು ಕಣವನ್ನು ಆಳಿದವು. 2005ರಲ್ಲಿ ಫೋರ್ ಸ್ಟ್ರೋಕ್ ಎಂಜಿನ್ನಿನ ಮೊಂಟೆಸಾ ಕೋಟಾ 4ಆರ್‌ಟಿ ಬಂತು. 2007ರಲ್ಲಿ ಸ್ಪೇನಿನ ಟೋನಿ ಬೋ ಮೊಂಟೆಸಾ ಫೋರ್ ಸ್ಟ್ರೋಕ್ ಏರಿ ತಮ್ಮ ವಿಶ್ವಪಟ್ಟಗಳ ಸರಣಿ ಆರಂಭಿಸಿದರು.

ಸಂಜೆ ಸುಸ್ತಾಗಿದ್ದರೂ ಬೈಕನ್ನು ಕೆಸರಿನೊಂದಿಗೆ ಬಿಡಬೇಡಿ. ತೊಳೆಯಿರಿ, ಆದರೆ ಚಕ್ರದ ಬೇರಿಂಗಿಗೆ ರಭಸದ ನೀರು ಹಾಯಿಸಬೇಡಿ, ಒಳಗಿನ ಗ್ರೀಸ್ ಕೊಚ್ಚಿಹೋಗುತ್ತದೆ. ಬ್ರೇಕ್ ಡ್ರಮ್ ಬಿಚ್ಚಿ ಹಳ್ಳದ ನೀರು, ಮರಳು ಒರೆಸಿ ಒಣಗಿಸಿ. ಚೈನಿಗೆ ಆಯಿಲ್ ಹಾಕಿ. ಸ್ಪೋಕ್ ಕಡ್ಡಿಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟುತ್ತ ಬನ್ನಿ. ಬಿಗಿಯಾದದ್ದು ಟಿಣ್ಣೆನ್ನುತ್ತದೆ, ಸಡಿಲವಾದದ್ದು ಮಂಕಾಗಿ ಕೇಳುತ್ತದೆ.

ಕೊನೆಗೆ ನೋಟ್‌ಬುಕ್ ತೆರೆದು ಇಂದು ಎಲ್ಲೆಲ್ಲಿ ಅಂಕ ಹೋಯಿತು, ಆಗ ಎಂಜಿನ್ ಏನು ಮಾಡುತ್ತಿತ್ತು ಎಂದು ಬರೆಯಿರಿ. ಏರಿನ ಮಧ್ಯೆ ಕೈ ತಿರುವಿದಾಗ ಎಂಜಿನ್ ಒಂದು ಕ್ಷಣ ತಡವರಿಸಿತೇ? ಹಾಗಿದ್ದರೆ ಮುಂದಿನ ಸಲ ಪೈಲಟ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿ ನೋಡಿ. ಸ್ಪ್ರಾಕೆಟ್, ಫ್ಲೈವೀಲ್, ಫುಟ್‌ರೆಸ್ಟ್ ಇದ್ದಂತೆಯೇ ಇರಲಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದರೆ ಫಲ ಕೊಟ್ಟಿದ್ದು ಯಾವುದು ಎಂಬುದನ್ನು ಬೈಕೇ ಹೇಳುತ್ತದೆ.