ಪಾಲಿಶ್‌ಗೆ ಮುಂಚಿನ ಸ್ನಾನ

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ, ಕುಡಿಯುವ ನೀರಿನಲ್ಲಿ ಗಾಡಿ ತೊಳೆದರೆ 5000 ರೂಪಾಯಿ ದಂಡ ಅಂದಿದ್ದು ನೆನಪಿರಬಹುದು. ಅಂಥ ಊರಿಗೆ ರಿನ್ಸ್‌ಲೆಸ್ ವಾಶ್ ಹೇಳಿ ಮಾಡಿಸಿದ ಹಾಗಿದೆ. ಒಂದು ಬಕೆಟ್ ನೀರು, ಅದಕ್ಕೆ ಸ್ವಲ್ಪ ದ್ರಾವಣ. ಅದರಲ್ಲಿರೋ ಪಾಲಿಮರ್ ಧೂಳಿನ ಕಣವನ್ನು ಸುತ್ತುವರಿದು ಜಾರಿಸುತ್ತೆ, ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಮುಗೀತು.

ಆದರೆ ಪೇಂಟ್ ಕರೆಕ್ಷನ್‌ಗೆ, ಅಂದರೆ ಪಾಲಿಶ್ ಮಾಡಿ ಬಣ್ಣದ ಮೇಲಿನ ಗೀರು ತೆಗೆಯೋಕೆ, ಮಷೀನ್ ಹಿಡಿಯೋ ದಿನದ ಲೆಕ್ಕ ಬೇರೆ. ತೊಳೆಯುವಾಗ ನವಿರು ಗೀರು ಬಿದ್ದೀತು ಅನ್ನೋ ಭಯ ಅವತ್ತು ಅಷ್ಟಾಗಿ ಬೇಡ, ಹೇಗೂ ಗೀರು ತೆಗೆಯೋಕೇ ಹೊರಟಿದ್ದೀವಲ್ಲ! ಹೆದರಬೇಕಾದ್ದು ನಂಬರ್ ಪ್ಲೇಟಿನ ಹಿಂದೆ, ಗಾಜಿನ ರಬ್ಬರ್ ಸಂದಿಯಲ್ಲಿ ಅಡಗಿ ಕೂತ ಮರಳಿಗೆ. ಒಂದೇ ಒಂದು ಕಣ ಪ್ಯಾಡ್‌ಗೆ ಸಿಕ್ಕಿಕೊಂಡರೆ, ಪಾಲಿಶ್ ಮಾಡ್ತಾ ಮಾಡ್ತಾನೇ ಹೊಸ ಗೀರು ಎಳೀತೀರಿ. ಒರೆಸುವ ಬಟ್ಟೆ ಆ ಸಂದಿಗೆ ಹೋಗಲ್ಲ, ಜೋರು ನೀರು ಹೋಗುತ್ತೆ. ಬ್ರೇಕ್‌ನ ಕಬ್ಬಿಣದ ಪುಡಿಗೆ ಐರನ್ ರಿಮೂವರ್ ಹೊಡೆದರಂತೂ ನೀರು ಹಾಕಿ ತೊಳೆಯದೆ ಗತಿಯಿಲ್ಲ. ಆಮೇಲೆ, ಬಣ್ಣಕ್ಕೆ ಅಂಟಿದ ಕೊಳೆ ಎತ್ತೋ ಜೇಡಿಯಂಥ ಕ್ಲೇ ಬಾರ್ ಉಜ್ಜೋ ಕೆಲಸಕ್ಕೆ ಅದೇ ರಿನ್ಸ್‌ಲೆಸ್ ದ್ರಾವಣ ಒಳ್ಳೇ ಜಾರುಕ.

ಕೊಳವೆಬಾವಿ ನೀರಾದರೆ ನೆರಳಲ್ಲೇ ತೊಳೆದು ತಕ್ಷಣ ಒರೆಸಿ, ಇಲ್ಲದಿದ್ದರೆ ಸುಣ್ಣದ ಕಲೆ.

ನನ್ನ ಮತ: ಕರೆಕ್ಷನ್‌ಗೆ ಮುಂಚೆ ಒಮ್ಮೆ ಶಾಂಪೂ ಹಾಕಿ ಧಾರಾಳವಾಗಿ ತೊಳೀರಿ, ಆಮೇಲೆ ವಾರವಾರ ರಿನ್ಸ್‌ಲೆಸ್ ಸಾಕು. ಹಿಡಿದಿಟ್ಟ ಮಳೆನೀರಿದ್ದರೆ ಅದನ್ನೇ ಬಳಸಿ, ಕಾವೇರಿ ನಲ್ಲಿಗೆ ಮಾತ್ರ ಪೈಪ್ ಸಿಕ್ಕಿಸಬೇಡಿ.